ಸುಣ್ಣ, ಸುರ್ಕಿ ಮತ್ತು ಲೆಕ್ಕ: ಕಂಬಂ ಕಣಿವೆಯ ಪೆನ್ನಿಕ್ವಿಕ್

ಮಳೆಗಾಲ ಬಂತೆಂದರೆ ಮುಲ್ಲಪೆರಿಯಾರ್ ಅಣೆಕಟ್ಟಿನ ಸುದ್ದಿ ನಿಮ್ಮ ಕಿವಿಗೆ ಬೀಳದೆ ಇರದು. ಕಾಸರಗೋಡು ಕಡೆಯ ಓದುಗರಿಗೆ ಅದು ಮಲಯಾಳದ ವಾರ್ತೆಯಲ್ಲಿ ಬರುತ್ತದೆ, ತಾಳವಾಡಿ, ಹೊಸೂರು ಕಡೆಯವರಿಗೆ ತಮಿಳಿನ ವಾರ್ತೆಯಲ್ಲಿ. ಒಂದು ವಾರ್ತೆಯಲ್ಲಿ ಅಣೆಕಟ್ಟಿನ ಕೆಳಗಿನ ಜನರ ಭಯ ಕಾಣುತ್ತದೆ. ಇನ್ನೊಂದರಲ್ಲಿ ನೀರಿಗಾಗಿ ಕಾದ ರೈತರ ಆತಂಕ ಕಾಣುತ್ತದೆ. ಎರಡರಲ್ಲೂ ಬರುವ ಅಂಕಿ ಮಾತ್ರ ಒಂದೇ: 136 ಅಡಿ, 142 ಅಡಿ, 152 ಅಡಿ. ಆ ಅಂಕಿಯ ಹಿಂದೆ ಒಬ್ಬ ಮನುಷ್ಯನ ಬದುಕಿದೆ. ಆ ಬದುಕಿನ ಹಿಂದೆ ಒಂದು ಶಾಲೆಯ ಗಣಿತವಿದೆ. ಇವತ್ತು ಈ ಪುಟದಲ್ಲಿ ಹೇಳಹೊರಟಿರುವುದು ಅವನ ಕಥೆಯನ್ನೇ.

ತಮಿಳುನಾಡಿನ ತೇನಿ ಜಿಲ್ಲೆಗೆ ನೀವು ಹೋದರೆ ಬಸ್ಸು ಇಳಿಯುವ ನಿಲ್ದಾಣಕ್ಕೇ ಅವನ ಹೆಸರಿದೆ: ಕರ್ನಲ್ ಜಾನ್ ಪೆನ್ನಿಕ್ವಿಕ್. ಅಲ್ಲಿಂದ ಕಂಬಂ, ಗೂಡಲೂರು ದಾಟಿ ಬೆಟ್ಟದ ಬುಡದ ಲೋವರ್ ಕ್ಯಾಂಪಿಗೆ ಹೋದರೆ, 2013ರಲ್ಲಿ ತಮಿಳುನಾಡು ಸರ್ಕಾರ ಕಟ್ಟಿಸಿದ ಸ್ಮಾರಕವಿದೆ. ಅವನ ಹುಟ್ಟುಹಬ್ಬ ಜನವರಿ 15, ಪೊಂಗಲ್ ಹಬ್ಬದ ಹೊತ್ತಿಗೇ ಬೀಳುತ್ತದೆ. ಆ ದಿನ ರೈತರು ಅವನ ಚಿತ್ರದ ಮುಂದೆ ಒಲೆ ಹೂಡಿ ಪೊಂಗಲ್ ಉಕ್ಕಿಸುತ್ತಾರೆ. ಮಕ್ಕಳಿಗೆ ಅವನ ಹೆಸರಿಟ್ಟ ಮನೆಗಳೂ ಇವೆ. ಒಬ್ಬ ಬ್ರಿಟಿಷ್ ಸೇನಾ ಎಂಜಿನಿಯರನಿಗೆ ಇಂಥ ಗೌರವ ನಮ್ಮ ದೇಶದಲ್ಲಿ ಬೇರೆಲ್ಲೂ ಸುಲಭವಾಗಿ ಸಿಕ್ಕದು.

ಕನ್ನಡಿಗರಿಗೆ ಈ ಕಣಿವೆ ಪೂರ್ತಿ ಪರಕೀಯವಲ್ಲ. ನೂರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಒಕ್ಕಲಿಗ ಕಪ್ಪಿಲಿಯರ ಮನೆಮಾತು ಕನ್ನಡ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂಬುದು ಅವರ ದಾರಿ. ಪೆನ್ನಿಕ್ವಿಕ್ ತಂದ ನೀರು ಹರಿಯುವುದು ಅವರ ಗದ್ದೆ ತೋಟಗಳ ಮಧ್ಯದಲ್ಲೂ ಹೌದು.

ತಂದೆ ಇಲ್ಲದ ಹುಡುಗ, ಲೆಕ್ಕದ ಶಾಲೆ

ಜಾನ್ ಪೆನ್ನಿಕ್ವಿಕ್ ಹುಟ್ಟಿದ್ದು 1841ರಲ್ಲಿ, ಪುಣೆಯಲ್ಲಿ. ತಂದೆ ಸೇನೆಯಲ್ಲಿ ಬ್ರಿಗೇಡಿಯರ್. 1849ರ ಜನವರಿ 13ರಂದು ಪಂಜಾಬಿನ ಚಿಲಿಯನ್‌ವಾಲಾ ಯುದ್ಧದಲ್ಲಿ ತಂದೆಯೂ, ಇನ್ನೂ ಹದಿಹರೆಯದಲ್ಲಿದ್ದ ಅಣ್ಣ ಅಲೆಕ್ಸಾಂಡರನೂ ಒಂದೇ ದಿನ ಸತ್ತರು. ಜಾನ್‌ಗೆ ಎಂಟು ವರ್ಷ ತುಂಬಲು ಆಗ ಎರಡೇ ದಿನ ಬಾಕಿ ಇತ್ತು.

ಅಂಥ ಮನೆಯ ಹುಡುಗ ಇಂಗ್ಲೆಂಡಿನಲ್ಲಿ ಓದಿ, ಕೊನೆಗೆ ಅಡಿಸ್ಕೂಂಬ್ ಎಂಬಲ್ಲಿನ ಸೇನಾ ವಿದ್ಯಾಲಯ ಸೇರಿದ. ಈಸ್ಟ್ ಇಂಡಿಯಾ ಕಂಪನಿ ತನ್ನ ಫಿರಂಗಿ ಪಡೆಗೂ ಎಂಜಿನಿಯರ್ ಪಡೆಗೂ ಹುಡುಗರನ್ನು ತಯಾರು ಮಾಡುತ್ತಿದ್ದ ಶಾಲೆ ಅದು. ಕಲಿಸುತ್ತಿದ್ದುದು ಕವಾಯತನ್ನಷ್ಟೇ ಅಲ್ಲ. ಗಣಿತ, ಭೂಮಾಪನ, ಕೋಟೆ ಕಟ್ಟುವ ವಿದ್ಯೆ, ನಕ್ಷೆ ಬರೆಯುವುದು, ಭೌತ ವಿಜ್ಞಾನ, ಜೊತೆಗೆ ಹಿಂದುಸ್ತಾನಿ ಭಾಷೆ ಎಲ್ಲವೂ ಇದ್ದವು. ಗಣಿತದಲ್ಲಿ ಮೇಲುಗೈ ಪಡೆದವರಿಗೆ ಎಂಜಿನಿಯರ್ ಪಡೆ ಸಿಗುತ್ತಿತ್ತು. ಪೆನ್ನಿಕ್ವಿಕ್ ಆ ಪಡೆಗೆ ಆಯ್ಕೆಯಾಗಿ 1860ರಲ್ಲಿ ಮದ್ರಾಸಿಗೆ ಬಂದಿಳಿದ. ಆಗ ಅವನಿಗೆ ಹತ್ತೊಂಬತ್ತು.

ಇಲ್ಲಿ ನೀವು ಒಂದು ವಿಷಯ ಗಮನಿಸಬೇಕು. ಇಷ್ಟು ದೊಡ್ಡ ದೇಶವನ್ನು ಒಂದು ವ್ಯಾಪಾರಿ ಕಂಪನಿ ಹಿಡಿದಿಟ್ಟುಕೊಂಡದ್ದು ಬಂದೂಕಿನಿಂದ ಮಾತ್ರ ಅಲ್ಲ. ಹೊಳೆ ಅಳೆಯಲು, ರಸ್ತೆ ಎಳೆಯಲು, ನೀರಿಗೆ ಕಂದಾಯ ಕಟ್ಟಲು ಬೇಕಾದ ಲೆಕ್ಕವನ್ನು ಹದಿನಾರು ಹದಿನೇಳರ ಹುಡುಗರಿಗೆ ಕಲಿಸಲು ಅದು ಹಣ ಹಾಕಿತು. ಆ ಹಣ ಬಡ್ಡಿಸಮೇತ ಅದಕ್ಕೆ ಹಿಂದಿರುಗಿತು.

ಪಡುವಣಕ್ಕೆ ಹರಿವ ಹೊಳೆಯನ್ನು ಮೂಡಣಕ್ಕೆ

ಪೆರಿಯಾರ್ ಹೊಳೆ ಪಶ್ಚಿಮಘಟ್ಟದಲ್ಲಿ ಹುಟ್ಟಿ ಕೇರಳದತ್ತ ಇಳಿದು ಅರಬ್ಬಿ ಸಮುದ್ರ ಸೇರುತ್ತದೆ. ಅದೇ ಘಟ್ಟದ ಆಚೆ ಮಗ್ಗುಲಲ್ಲಿ ಕಂಬಂ ಕಣಿವೆ, ಅದರ ಕೆಳಗೆ ವೈಗೈ ಹೊಳೆ, ಮದುರೆ, ರಾಮನಾಥಪುರ. ಅದು ಮಳೆಯ ನೆರಳಿನ ನಾಡು. ಘಟ್ಟದ ನೆತ್ತಿಯಲ್ಲಿ ಸುರಿದ ಮಳೆ ಒಂದು ಕಡೆಗೇ ಓಡಿಹೋಗುತ್ತಿತ್ತು, ಇನ್ನೊಂದು ಕಡೆ ಬಾಯಾರಿ ನಿಂತಿರುತ್ತಿತ್ತು.

ಆ ಹೊಳೆಯನ್ನು ಈ ಕಡೆ ತಿರುಗಿಸಬೇಕೆಂಬ ಯೋಚನೆ ಪೆನ್ನಿಕ್ವಿಕ್‌ನದಲ್ಲ, ಬ್ರಿಟಿಷರದೂ ಅಲ್ಲ. 1789ರಲ್ಲೇ ರಾಮನಾಥಪುರದ ಅರಸ ಸೇತುಪತಿಯ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೆ ಬೆಟ್ಟಕ್ಕೆ ಜನ ಕಳಿಸಿ ಜಾಗ ನೋಡಿಸಿದ್ದ. ಕೆಲಸ ಆಗುವಂಥದ್ದು ಎಂದು ಅವರಿಗೆ ಗೊತ್ತಾಗಿತ್ತು, ಕೈಯಲ್ಲಿ ಹಣವಿರಲಿಲ್ಲ. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಎಂಬ ಅಧಿಕಾರಿ ನೋಡಿ, ಇದು ಆಗದ ಕೆಲಸ ಎಂದು ವರದಿ ಕೊಟ್ಟ. 1850ರಲ್ಲಿ ಸಣ್ಣದಾಗಿ ಶುರುವಾದ ಕೆಲಸ ಜ್ವರದ ಕಾಟಕ್ಕೆ ನಿಂತಿತು.

ಆಮೇಲೆ ಬಂದದ್ದು 1876ರಿಂದ 1878ರವರೆಗಿನ ಬರ. ಮದ್ರಾಸ್ ಪ್ರಾಂತ್ಯದಲ್ಲೂ ನಮ್ಮ ಮೈಸೂರಿನಲ್ಲೂ ಲಕ್ಷಗಟ್ಟಲೆ ಜನರನ್ನು ನುಂಗಿದ ಬರ ಅದು. ಅದರ ನಂತರ ಸರ್ಕಾರ ಹಳೆಯ ಕಡತವನ್ನು ಮತ್ತೆ ಬಿಚ್ಚಿತು. 1882ರಲ್ಲಿ ಹೊಸ ನಕ್ಷೆ, ಹೊಸ ಅಂದಾಜು ಸಿದ್ಧಪಡಿಸುವ ಹೊಣೆ ಪೆನ್ನಿಕ್ವಿಕ್‌ಗೆ ಬಂತು. ಸರ್ಕಾರ ಕೇಳಿದ ಪ್ರಶ್ನೆ ಕರುಣೆಯದ್ದಷ್ಟೇ ಆಗಿರಲಿಲ್ಲ. ಹಾಕಿದ ಬಂಡವಾಳಕ್ಕೆ ನೀರಿನ ಕಂದಾಯದಿಂದ ಬಡ್ಡಿ ಹುಟ್ಟೀತೇ ಎಂಬ ಲೆಕ್ಕವನ್ನೂ ಎಂಜಿನಿಯರನೇ ಒಪ್ಪಿಸಬೇಕಿತ್ತು.

ಎಂಟನೆಯ ತರಗತಿಯ ಲೆಕ್ಕ

ಅವನ ಮುಂದಿದ್ದ ಸಮಸ್ಯೆಯ ತಿರುಳು ನಿಮ್ಮ ಮಗಳು ಪ್ರೌಢಶಾಲೆಯಲ್ಲಿ ಓದುವ ಒತ್ತಡದ ಪಾಠವೇ. ಒಂದು ಕಾಗದ ತೆಗೆದುಕೊಂಡು ಅವಳ ಜೊತೆ ಕೂತು ಮಾಡಿ ನೋಡಿ.

ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಹತ್ತು ಮೀಟರ್ ಆಳದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ನೀರು ಹತ್ತು ಟನ್ನಿನಷ್ಟು ಒತ್ತುತ್ತದೆ, ಮೇಲ್ಮೈಯಲ್ಲಿ ಸೊನ್ನೆ. ಸರಾಸರಿ ಐದು ಟನ್. ಅಂದರೆ ಹತ್ತು ಮೀಟರ್ ಎತ್ತರದ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ಒಟ್ಟು ನೂಕು 50 ಟನ್. ಇನ್ನು ಆಳ 20 ಮೀಟರ್ ಆದರೆ? ಸರಾಸರಿ ಹತ್ತು, ಎತ್ತರ ಇಪ್ಪತ್ತು, ಒಟ್ಟು 200 ಟನ್. 40 ಮೀಟರಿಗೆ 800 ಟನ್. ಆಳ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. ಇದು ವರ್ಗದ ನಿಯಮ.

ಈ ನೂಕನ್ನು ಎದುರಿಸಿ ನಿಲ್ಲಲು ಗೋಡೆಗಿರುವ ಆಸರೆ ಅದರ ಸ್ವಂತ ತೂಕ. ಆದ್ದರಿಂದಲೇ ಅಣೆಕಟ್ಟು ಮೇಲೆ ಸಪೂರ, ಬುಡದಲ್ಲಿ ದಪ್ಪ. ಪೆನ್ನಿಕ್ವಿಕ್ ಕಟ್ಟಿದ ಗೋಡೆ ತಲೆಯಲ್ಲಿ 12 ಅಡಿ ಅಗಲ, ಬುಡದಲ್ಲಿ 138 ಅಡಿ. ಅಡಿಪಾಯದಿಂದ ಎತ್ತರ 176 ಅಡಿ, ಉದ್ದ ಸುಮಾರು 1,200 ಅಡಿ. ಅದಕ್ಕೂ ಮುಂಚೆ ಬೇರೊಬ್ಬರು ಇಲ್ಲಿ ಮಣ್ಣಿನ ಕಟ್ಟೆಯನ್ನು ಸೂಚಿಸಿದ್ದರು. ಪೆನ್ನಿಕ್ವಿಕ್ ಕಲ್ಲು, ಸುಣ್ಣ, ಸುರ್ಕಿಯ ಗಾರೆ ಬೇಕೆಂದ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಣ್ಣದ ಜೊತೆ ಬೆರೆತರೆ ನೀರಿನೊಳಗೂ ಗಟ್ಟಿಯಾಗುತ್ತದೆ. ಇದು ನಮ್ಮ ನೆಲದ ಗಾರೆ ಕೆಲಸದವರಿಗೆ ಮೊದಲೇ ಗೊತ್ತಿದ್ದ ವಿದ್ಯೆ.

ಕಟ್ಟೆಯಷ್ಟೇ ಸಾಲದು. ನಿಂತ ನೀರು ಬೆಟ್ಟದ ಆಚೆ ಬರಬೇಕಲ್ಲ? ಅದಕ್ಕಾಗಿ ಘಟ್ಟದ ಬೆನ್ನಿನೊಳಗೆ 5,704 ಅಡಿ ಉದ್ದದ ಸುರಂಗ ಕೊರೆಸಿದ. ಕಾಡಿನಲ್ಲಿ, ಕಣ್ಣಿಗೆ ಕಾಣದ ಎರಡು ಬಿಂದುಗಳ ನಡುವೆ ಎತ್ತರದ ವ್ಯತ್ಯಾಸವನ್ನು ಅಳೆದು, ನೀರು ತಾನಾಗಿಯೇ ಹರಿಯುವಷ್ಟು ಇಳಿಜಾರು ಕೊಡಬೇಕು. ಇಲ್ಲಿ ಬೇಕಾದದ್ದು ತ್ರಿಕೋನಮಿತಿ.

ಗೆದ್ದ ಲೆಕ್ಕ, ತಪ್ಪಿದ ಲೆಕ್ಕ

ಅಣೆಕಟ್ಟಿನ ಜಾಗ ತಿರುವಾಂಕೂರು ಅರಸರದು. 1886ರ ಅಕ್ಟೋಬರ್ 29ರಂದು ಒಪ್ಪಂದವಾಯಿತು: 8,000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಅವಧಿ 999 ವರ್ಷ. ಗುಣಿಸಿದರೆ ವರ್ಷಕ್ಕೆ 40,000 ರೂಪಾಯಿ. ಈ ದರ 1970ರವರೆಗೆ, ಅಂದರೆ 84 ವರ್ಷ, ಬದಲಾಗಲಿಲ್ಲ. ಆಮೇಲೆ ಎಕರೆಗೆ 30 ರೂಪಾಯಿ ಆಯಿತು.

ಇದನ್ನೂ ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸಿ. ಬೆಲೆಗಳು ವರ್ಷಕ್ಕೆ ಶೇಕಡಾ 3ರಷ್ಟೇ ಏರುತ್ತವೆಂದು ಇಟ್ಟುಕೊಂಡರೂ 24 ವರ್ಷಕ್ಕೆ ಎರಡು ಪಟ್ಟಾಗುತ್ತವೆ, 84 ವರ್ಷಕ್ಕೆ ಹತ್ತಿರ ಹತ್ತಿರ 12 ಪಟ್ಟು. ಆ ಲೆಕ್ಕದಲ್ಲಿ 5 ರೂಪಾಯಿ 60 ಆಗಬೇಕಿತ್ತು, ಆದದ್ದು 30. ಒಪ್ಪಂದ ಬರೆಯುವಾಗ ದರ ಏರಿಸುವ ಒಂದು ಸಾಲು ಇದ್ದಿದ್ದರೆ ಮುಂದಿನ ಎಷ್ಟೋ ಕಹಿ ತಪ್ಪುತ್ತಿತ್ತು. ಸಮಾನರಲ್ಲದವರ ನಡುವಿನ ಒಪ್ಪಂದ ಅದು ಎಂಬುದೂ ನಿಜ. ಆದರೆ ಚಕ್ರಬಡ್ಡಿ ಬಲ್ಲವನಿಗೂ ಬಾರದವನಿಗೂ ಒಂದೇ ಕಾಗದ ಬೇರೆ ಬೇರೆಯಾಗಿ ಕಾಣುತ್ತದೆ ಎಂಬುದೂ ಅಷ್ಟೇ ನಿಜ. ಸಾಲದ ಪತ್ರಕ್ಕೆ ಸಹಿ ಹಾಕುವ ನಮ್ಮ ಪ್ರತಿ ಮನೆಗೂ ಈ ಮಾತು ಸಲ್ಲುತ್ತದೆ.

1887ರಲ್ಲಿ ಕೆಲಸ ಶುರುವಾಯಿತು. ಕಾಡು, ಆನೆ, ಮಲೇರಿಯ. ಮಳೆಗಾಲದ ಪ್ರವಾಹ ತಾತ್ಕಾಲಿಕ ಒಡ್ಡುಗಳನ್ನು ಮತ್ತೆ ಮತ್ತೆ ಕೊಚ್ಚಿಕೊಂಡು ಹೋಯಿತು. ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಮಾಡಲು ಆಗುತ್ತಿತ್ತು. ಜ್ವರ, ವಾಂತಿಭೇದಿಯಿಂದ ಸತ್ತವರು ನೂರಾರು ಜನ. ಅಣೆಕಟ್ಟಿನ ಹತ್ತಿರದ ಕಾಡಿನಲ್ಲಿ ಅವರ ಕಾಲದ ಸ್ಮಶಾನವಿದೆ. ಕಲ್ಲು ಹೊತ್ತು, ಸುಣ್ಣ ಅರೆದು ಸತ್ತವರಲ್ಲಿ ಹೆಚ್ಚಿನವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಹಣ ನಿಂತುಹೋದಾಗ ಪೆನ್ನಿಕ್ವಿಕ್ ಇಂಗ್ಲೆಂಡಿನ ತನ್ನ ಆಸ್ತಿಯನ್ನೂ ಹೆಂಡತಿಯ ಒಡವೆಯನ್ನೂ ಮಾರಿ ಕಟ್ಟೆ ಮುಗಿಸಿದ ಎಂಬ ಕಥೆ ಕಣಿವೆಯಲ್ಲಿ ಮನೆಮಾತಾಗಿದೆ. ಜನರ ಪ್ರೀತಿ ಕಟ್ಟಿದ ಕಥೆ ಅದು. ಅಣೆಕಟ್ಟು ಮದ್ರಾಸ್ ಸರ್ಕಾರದ ಲೋಕೋಪಯೋಗಿ ಇಲಾಖೆಯ ಕೆಲಸ, ಹಣವೂ ಸರ್ಕಾರದ್ದೇ. ಮಕ್ಕಳಿಗೆ ಕಥೆಯನ್ನೂ ಹೇಳಿ, ಕಡತವನ್ನೂ ಹೇಳಿ. ಎರಡನ್ನೂ ಬೇರ್ಪಡಿಸಿ ನೋಡಲು ಕಲಿತರೆ ಅದೇ ವಿಜ್ಞಾನದ ಮೊದಲ ಪಾಠ. ಆಸ್ತಿ ಮಾರದೆಯೂ ಅವನ ಸಾಧನೆ ಸಣ್ಣದಾಗುವುದಿಲ್ಲ. ಎಂಟು ವರ್ಷ ಅಂಥ ಕಾಡಿನ ಕೆಲಸವನ್ನು ಬಿಡದೆ ಹಿಡಿದು ಮುಗಿಸಿದನಲ್ಲ, ಅದೇ ಸಾಕು.

1895ರ ಅಕ್ಟೋಬರಿನಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ವೆನ್‌ಲಾಕ್ ಅಣೆಕಟ್ಟನ್ನು ಉದ್ಘಾಟಿಸಿದ. ನೀರು ಸುರಂಗ ದಾಟಿ, ಬೆಟ್ಟ ಇಳಿದು, ಸುರುಳಿಯಾರಿನ ಮೂಲಕ ವೈಗೈ ಸೇರಿತು. ಇಂದಿನ ದಿಂಡಿಗಲ್ ಜಿಲ್ಲೆಯ ಪೇರಣೆಯಲ್ಲಿ ಅದನ್ನು ತಡೆದು ಕಾಲುವೆಗೆ ಹೊರಳಿಸಿದರು. ಕಂಬಂ ಕಣಿವೆಯೊಂದರಲ್ಲೇ ಇವತ್ತು ಸುಮಾರು 14,700 ಎಕರೆ ಎರಡು ಬೆಳೆ ಭತ್ತದ ಗದ್ದೆ ಈ ನೀರನ್ನು ನಂಬಿದೆ. ಬಾಳೆ, ಹೆಸರಾದ ಕಂಬಂ ಪನ್ನೀರು ದ್ರಾಕ್ಷಿ ಎಲ್ಲ ಬೆಳೆಯುವ ಹಸಿರು ಕಣಿವೆ ಇದು. 1950ರ ದಶಕದ ಕೊನೆಗೆ ಅದೇ ನೀರಿನ ಬೀಳಿನಿಂದ ಲೋವರ್ ಕ್ಯಾಂಪಿನಲ್ಲಿ ವಿದ್ಯುತ್ ತೆಗೆಯುವುದೂ ಶುರುವಾಯಿತು.

ಮೇಷ್ಟ್ರಾದ ಎಂಜಿನಿಯರ್

ಇಷ್ಟಾದ ಮೇಲೆ ಅವನು ಏನು ಮಾಡಿದ ಎಂಬುದು ಈ ಪುಟದ ಓದುಗರಾದ ನಿಮಗೆ ಮುಖ್ಯ. 1896ರಲ್ಲಿ ಇಂಡಿಯಾದ ಕೆಲಸ ಬಿಟ್ಟು ಊರಿಗೆ ಹೋದ ಪೆನ್ನಿಕ್ವಿಕ್, ಕೂಪರ್ಸ್ ಹಿಲ್ ಎಂಬಲ್ಲಿದ್ದ ರಾಯಲ್ ಇಂಡಿಯನ್ ಎಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥನಾದ, 1899ರವರೆಗೆ ಅಲ್ಲಿದ್ದ. ಇಂಡಿಯಾದ ಲೋಕೋಪಯೋಗಿ ಇಲಾಖೆಗೆ ಬೇಕಾದ ಎಂಜಿನಿಯರುಗಳನ್ನು ಇಂಗ್ಲೆಂಡಿನಲ್ಲೇ ತಯಾರಿಸಲು 1871ರಲ್ಲಿ ಹುಟ್ಟಿದ ಕಾಲೇಜು ಅದು. ಅಲ್ಲಿ ಓದಿದ ಇಂಡಿಯನ್ನರು ಬೆರಳೆಣಿಕೆಯಷ್ಟು. ಹೊಳೆ ನಮ್ಮದು, ಕಲ್ಲು ನಮ್ಮದು, ಸುರ್ಕಿ ಅರೆಯುವ ಕೈ ನಮ್ಮದು. ಲೆಕ್ಕದ ಮೇಜು ಮಾತ್ರ ಅವರದು.

ಮುತ್ತಿರುಳಪ್ಪ ಪಿಳ್ಳೆಯ ಬುದ್ಧಿಯಲ್ಲಿ ಕೊರತೆ ಇರಲಿಲ್ಲ. ಆ ಬುದ್ಧಿಯನ್ನು ನಕ್ಷೆಯಾಗಿ, ಅಂದಾಜುಪಟ್ಟಿಯಾಗಿ ಮಾಡುವ ಶಾಲೆಗಳ ಸಾಲು ನಮ್ಮಲ್ಲಿ ಇರಲಿಲ್ಲ. ಮದ್ರಾಸಿನಲ್ಲಿ 1794ರಲ್ಲಿ ಸರ್ವೆ ಶಾಲೆ, ರೂರ್ಕಿಯಲ್ಲಿ 1847ರಲ್ಲಿ ಕಾಲೇಜು ಹುಟ್ಟಿದ್ದವು. ಅವು ಸಾಲುವಂತಿರಲಿಲ್ಲ.

ಈ ಸ್ಥಿತಿ ಬದಲಾಗಲು ಶುರುವಾದದ್ದನ್ನು ನೋಡಬೇಕಾದರೆ ನಮ್ಮ ಮೈಸೂರಿಗೇ ಬರಬೇಕು. ಪೆನ್ನಿಕ್ವಿಕ್ ಹುಟ್ಟಿದ ಪುಣೆಯಲ್ಲೇ ಎಂಜಿನಿಯರಿಂಗ್ ಓದಿ 1883ರಲ್ಲಿ ತೇರ್ಗಡೆಯಾದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. 1911ರ ಮಾರ್ಚ್ 9ರಂದು ಪೆನ್ನಿಕ್ವಿಕ್ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ತೀರಿಕೊಂಡ. ಅದೇ ವರ್ಷದ ನವೆಂಬರಿನಲ್ಲಿ ವಿಶ್ವೇಶ್ವರಯ್ಯ ಮುಖ್ಯ ಎಂಜಿನಿಯರ್ ಆಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಅಲ್ಲಿಯೂ ಬಳಸಿದ್ದು ಸುರ್ಕಿಯ ಗಾರೆಯೇ. ಈ ಸಲ ಲೆಕ್ಕದ ಮೇಜಿನಲ್ಲಿ ಕೂತವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು. ದಿವಾನರಾದ ಮೇಲೆ ಅವರು ಅಣೆಕಟ್ಟೊಂದರ ಮೇಲೇ ಮನಸ್ಸಿಡಲಿಲ್ಲ. 1913ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ನಾಡಿನ ಸಂಪತ್ತು ಶಾಲೆಯ ಕೋಣೆಯಲ್ಲಿ ಹುಟ್ಟುತ್ತದೆ ಎಂದು ಅವರು ನಂಬಿದ್ದರು, ನಂಬಿದಂತೆ ನಡೆದರು.

ನಮ್ಮ ಶಾಲೆಯ ಹಲಗೆಯ ಮೇಲೆ

ಈಗ ಮೊದಲು ಹೇಳಿದ ಅಂಕಿಗೆ ಬನ್ನಿ. 1979ರಲ್ಲಿ ಕಟ್ಟೆಯ ಸುರಕ್ಷತೆಯ ಪ್ರಶ್ನೆ ಎದ್ದು ನೀರಿನ ಮಟ್ಟವನ್ನು 136 ಅಡಿಗೆ ಇಳಿಸಿದರು. ಕಾಂಕ್ರೀಟಿನ ಬಲ, ಉಕ್ಕಿನ ಹಗ್ಗದ ಬಿಗಿತ ಕೊಟ್ಟರು. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿಯವರೆಗೆ ಒಪ್ಪಿತು. ಮೂಲ ಮಟ್ಟ 152. ಆರು ಅಡಿ ತಾನೆ ಎಂದು ನಿಮಗೆ ಅನ್ನಿಸಬಹುದು. ವರ್ಗದ ನಿಯಮ ಹಾಕಿ ನೋಡಿ: 136ರಿಂದ 142ಕ್ಕೆ ಹೋದರೆ ನೂಕು ಸ್ಥೂಲವಾಗಿ ಶೇಕಡಾ 9 ಹೆಚ್ಚುತ್ತದೆ, 152ಕ್ಕೆ ಹೋದರೆ ಶೇಕಡಾ 25. ಇಷ್ಟು ಗೊತ್ತಾದ ಮಾತ್ರಕ್ಕೆ ಕಟ್ಟೆ ಗಟ್ಟಿಯೋ ಅಲ್ಲವೋ ಎಂದು ತೀರ್ಮಾನಿಸಲಾಗದು. ಕೂಗಾಡುವವರ ಮಾತಿನಲ್ಲಿ ಯಾವುದು ಲೆಕ್ಕ, ಯಾವುದು ಗದ್ದಲ ಎಂದು ತಿಳಿಯಲು ಮಾತ್ರ ಇಷ್ಟು ಬೇಕೇ ಬೇಕು.

ಅದೇ ತೇನಿ ಜಿಲ್ಲೆಯ ಬೋಡಿ ಬೆಟ್ಟದಲ್ಲಿ ನ್ಯೂಟ್ರಿನೊ ಸಂಶೋಧನಾ ಕೇಂದ್ರ ಕಟ್ಟಲು 2015ರಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿ ಒಪ್ಪಿತು. ಊರ ಜನ ಬೆಟ್ಟಕ್ಕೆ, ನೀರಿಗೆ ಧಕ್ಕೆ ಬಂದೀತೆಂದು ವಿರೋಧಿಸಿದರು. ರಾಜ್ಯ ಸರ್ಕಾರವೂ ಬೇಡವೆಂದಿತು. ಯಾರ ಪಕ್ಷ ಸರಿ ಎಂಬ ತೀರ್ಪು ಇಲ್ಲಿ ಬೇಡ. ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಭೌತ ವಿಜ್ಞಾನ ತಿಳಿದಿರಬೇಕು, ಅದೂ ತಮಗೆ ಅರ್ಥವಾಗುವ ನುಡಿಯಲ್ಲಿ.

ಕನ್ನಡ ಮಾಧ್ಯಮದ ಶಾಲೆಗೆ ಮಗುವನ್ನು ಕಳಿಸುವ ನಿಮ್ಮಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ಈ ನುಡಿಯಲ್ಲಿ ಕಲಿತ ಗಣಿತ ಮುಂದೆ ಕೆಲಸಕ್ಕೆ ಬರುತ್ತದೆಯೇ? ಮೇಲಿನ ಲೆಕ್ಕಗಳನ್ನು ನೀವು ಓದಿದ್ದು ಕನ್ನಡದಲ್ಲೇ. ಒತ್ತಡ, ವರ್ಗ, ಸರಾಸರಿ, ಚಕ್ರಬಡ್ಡಿ ಎಂಬ ಮಾತುಗಳು ಎಲ್ಲಿಯೂ ತೊಡಕಾಗಲಿಲ್ಲ. ಹನ್ನೊಂದನೆಯ ತರಗತಿಯಲ್ಲಿ ಇಂಗ್ಲಿಷ್ ಹೆಸರು ಕಲಿಯುವುದು ಕೆಲವು ತಿಂಗಳ ಕಷ್ಟ. ಎಂಟನೆಯ ತರಗತಿಯಲ್ಲಿ ಅರ್ಥವಾಗದೆ ಬಾಯಿಪಾಠ ಮಾಡಿದ ಗಣಿತ ಜೀವಮಾನದ ಕಷ್ಟ.

ಆದರೆ ನುಡಿಯೊಂದಿದ್ದರೆ ಸಾಲದು, ಕಲಿಸುವವರೂ ಬೇಕು. ಮುಂದಿನ ಪಾಲಕರ ಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಗಣಿತಕ್ಕೆ, ವಿಜ್ಞಾನಕ್ಕೆ ಕನ್ನಡದಲ್ಲಿ ಕಲಿಸಬಲ್ಲ ಖಾಯಂ ಮೇಷ್ಟ್ರು ಇದ್ದಾರೆಯೇ? ಪ್ರಯೋಗಶಾಲೆಯ ಬೀಗ ತಿಂಗಳಿಗೆ ಎಷ್ಟು ಸಲ ತೆಗೆಯುತ್ತದೆ? ಊರಿನ ಕಟ್ಟ, ಕೆರೆ, ಪಂಪುಸೆಟ್ಟುಗಳನ್ನು ಮಕ್ಕಳು ಒಮ್ಮೆಯಾದರೂ ಅಳೆದಿದ್ದಾರೆಯೇ? ಉತ್ತರ ಸಮಾಧಾನವಾಗದಿದ್ದರೆ ಅರ್ಜಿ ಬರೆಯಿರಿ, ಮತ್ತೆ ಮತ್ತೆ ಬರೆಯಿರಿ.

ತಂದೆ ಸತ್ತ ಎಂಟು ವರ್ಷದ ಹುಡುಗನೊಬ್ಬನಿಗೆ ಅವನ ನಾಡು ಒಳ್ಳೆಯ ಗಣಿತ ಕಲಿಸಿತು. ಆ ಗಣಿತ ಸಾವಿರಾರು ಮೈಲಿ ದೂರ ಬಂದು ಒಂದು ಹೊಳೆಯ ದಿಕ್ಕು ಬದಲಿಸಿತು, ಕಣಿವೆಯೊಂದರ ಊಟದ ತಟ್ಟೆ ತುಂಬಿಸಿತು, ಅವನ ನಾಡಿನ ಬೊಕ್ಕಸವನ್ನೂ ತುಂಬಿಸಿತು. ನಿಮ್ಮ ಊರಿನ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತ ಹುಡುಗಿಯೂ ಅಷ್ಟೇ ಲೆಕ್ಕ ಕಲಿಯಬಲ್ಲಳು. ಅವಳಿಗೆ ಬೇಕಾದದ್ದು ಒಂದು ಕರಿಹಲಗೆ, ಒಬ್ಬ ಬಲ್ಲ ಮೇಷ್ಟ್ರು ಮತ್ತು ಅವಳಿಗೆ ಗೊತ್ತಿರುವ ನುಡಿ.